ಸಹಾಯ ಬೇಕು: ಡಿವಿಕಾನ್ ಸಮ್ಮೇಳನಕ್ಕೆ ಒಂದೇ ದಿನ ಹೋಗುವುದಾದರೆ?

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿದ್ದೇನೆ. ಚಿಪ್ ವೆರಿಫಿಕೇಶನ್ (ತಯಾರಿಸುವ ಮೊದಲೇ ಚಿಪ್ ವಿನ್ಯಾಸ ಸರಿಯಿದೆಯೇ ಎಂದು ಪರೀಕ್ಷಿಸುವುದು) ಅಂದ್ರೆ ತುಂಬಾ ಇಷ್ಟ. ಅದಕ್ಕೆ ಬಳಸುವ ಸಿಸ್ಟಮ್‌ವೆರಿಲಾಗ್ ಭಾಷೆ ಕಲಿತು, ಒಂದು ಫೈಫೋಗೆ (ಮೊದಲು ಬಂದ ಡೇಟಾ ಮೊದಲು ಹೊರಹೋಗುವ ಬಫರ್) ಯುವಿಎಂ ಎಂಬ ಸ್ಟ್ಯಾಂಡರ್ಡ್ ವಿಧಾನದಲ್ಲಿ ಟೆಸ್ಟ್‌ಬೆಂಚ್, ಅಂದರೆ ಅದನ್ನು ಪರೀಕ್ಷಿಸುವ ಕೋಡ್, ಬರೆದಿದ್ದೇನೆ. ಬಂದ ಡೇಟಾ ಸರಿಯೇ ಎಂದು ಹೋಲಿಸುವ ಸ್ಕೋರ್‌ಬೋರ್ಡ್ ಸರಿಯಾಗಿದೆ, ಆದರೆ ಫೈಫೋ ತುಂಬಿರುವಾಗಲೇ ರೀಸೆಟ್ ಬರುವ ಕವರೇಜ್ ಬಿನ್ ಇನ್ನೂ ಖಾಲಿ, ಅಂದರೆ ಆ ಸಂದರ್ಭ ಇನ್ನೂ ಪರೀಕ್ಷೆಯಾಗಿಲ್ಲ.

ಚಿಪ್ ವಿನ್ಯಾಸ, ವೆರಿಫಿಕೇಶನ್ ಬಗ್ಗೆ ಬೆಂಗಳೂರಿನಲ್ಲಿ ನಡೆಯುವ ಡಿವಿಕಾನ್ ಇಂಡಿಯಾ ಸಮ್ಮೇಳನಕ್ಕೆ ಹೋಗುವ ಆಸೆ. ಉಳಿದುಕೊಳ್ಳುವ ಖರ್ಚು ಕಷ್ಟ. ಬೆಳಗಿನ ಜಾವ ಬಸ್ ಹತ್ತಿ ರಾತ್ರಿ ವಾಪಸ್ ಬರಬೇಕು. ನಮ್ಮ ಲೆಕ್ಚರರ್‌ಗಳು ಹೋದವರಲ್ಲ. ಸೀನಿಯರ್ ಒಬ್ಬರು ಟ್ಯುಟೋರಿಯಲ್ ಬಿಡಬೇಡ ಅಂದರು, ಇನ್ನೊಬ್ಬರು ಪೋಸ್ಟರ್, ಸ್ಟಾಲ್ ಹತ್ತಿರ ನಿಂತು ಜನರನ್ನು ಮಾತಾಡಿಸು ಅಂದರು. ಹಳೆಯ ಪೇಪರ್‌ಗಳು ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ, ಓದುತ್ತಿದ್ದೇನೆ. ಪೇಪರ್ ಸೆಷನ್ ಬಿಟ್ಟರೂ ನಷ್ಟವಿಲ್ಲ ಅಲ್ವಾ?

ಹೋಗಿ ಬಂದವರು ದಯವಿಟ್ಟು ಹೇಳಿ: ನನ್ನಷ್ಟು ಕಲಿತವರಿಗೆ ಟ್ಯುಟೋರಿಯಲ್ ದಿನ ಜಾಸ್ತಿ ಉಪಯೋಗವೋ, ಪೋಸ್ಟರ್ ಇರುವ ದಿನವೋ?