ಅಪ್‌ಡೇಟ್: ಗಾಮಾ ಇಳಿಸಿದರೂ ವೆಚ್ಚ ಇಳಿಯದ್ದಕ್ಕೆ ಕಾರಣ ಸಿಕ್ಕಿತು

ಅಬಿಲೀನ್ ಎಂಬ ಡೇಟಾ ಜಾಲದ (12 ನೋಡ್, 15 ಲಿಂಕ್, 132 ಬೇಡಿಕೆ) ಲಿಂಕ್‌ಗಳಿಗೆ ಎಷ್ಟು ಸಾಮರ್ಥ್ಯ ಬೇಕು ಅಂತ ಬರ್ಟ್ಸಿಮಸ್–ಸಿಮ್ ಮಾದರಿಯಲ್ಲಿ (ಬೇಡಿಕೆ ಅಂದಾಜು ಮೀರಿದರೂ ತಾಳುವಂತೆ ಯೋಜಿಸುವ ವಿಧಾನ) ಲೆಕ್ಕ ಹಾಕುತ್ತಿದ್ದೆ. ಅದರಲ್ಲಿ ಗಾಮಾ (ಒಂದು ಲಿಂಕ್‌ನಲ್ಲಿ ಒಟ್ಟಿಗೆ ಗರಿಷ್ಠಕ್ಕೇರಬಹುದಾದ ಬೇಡಿಕೆಗಳ ಸಂಖ್ಯೆ) ಇಳಿಸಿದರೂ ವೆಚ್ಚ ಯಾಕೆ ಇಳಿಯುತ್ತಿಲ್ಲ ಅಂತ ಕೇಳಿದ್ದೆ. ಏರಿಕೆಗೆಂದು ಪ್ರತಿ ಲಿಂಕ್‌ನಲ್ಲಿ ಕಾದಿಡುವ ಸಾಮರ್ಥ್ಯ ಅಂದರೆ ಗಾಮಾ ಗುಣಿಸು ಝಡ್, ಜೊತೆಗೆ ಬೇಡಿಕೆಗೊಂದರಂತೆ ಪಿಗಳ ಮೊತ್ತ; ಝಡ್, ಪಿ ಎರಡೂ ಡ್ಯುಯಲ್ ಚರಾಂಶಗಳು, ಅಂದರೆ ಸಾಲ್ವರ್ (ಲೆಕ್ಕ ಬಿಡಿಸುವ ತಂತ್ರಾಂಶ) ಆರಿಸುವ ಸಹಾಯಕ ಬೆಲೆಗಳು. ತಪ್ಪು ಇದ್ದದ್ದು ಝಡ್‌ನಲ್ಲಿ: ಎಲ್ಲ ಲಿಂಕ್‌ಗೂ ಒಂದೇ ಝಡ್. ದೊಡ್ಡ ಲಿಂಕ್‌ಗೆ ಝಡ್ ಏರಿಸಿದರೆ ಸಣ್ಣ ಲಿಂಕ್‌ಗಳೂ ಗಾಮಾ ಗುಣಿಸು ಝಡ್‌ನ ಹೊರೆ ಹೊರಬೇಕು. ಸಾಲ್ವರ್ ಜಾಣ, ಝಡ್ ಸೊನ್ನೆಯ ಹತ್ತಿರವಿಟ್ಟು ಎಲ್ಲವನ್ನೂ ಪಿ ಮೇಲೆ ಹಾಕಿತು. ಅಂದರೆ ಎಲ್ಲ ಬೇಡಿಕೆಯೂ ಒಟ್ಟಿಗೆ ಗರಿಷ್ಠಕ್ಕೇರಿದ ಲೆಕ್ಕವೇ.

ಈಗ ಲಿಂಕ್‌ಗೊಂದು ಝಡ್ (15), ಲಿಂಕ್–ಬೇಡಿಕೆ ಜೋಡಿಗೊಂದು ಪಿ (1980).

ಕೈಲೆಕ್ಕದಲ್ಲೂ ನೋಡಿದೆ: ಒಂದು ಲಿಂಕ್‌ನಲ್ಲಿ ಬೇಡಿಕೆ 4, 3, 3 ಗಿಗಾಬಿಟ್, ಏರಿಕೆ 2, 1, 1. ಗಾಮಾ 1ಕ್ಕೆ 12 ಬೇಕು, 3ಕ್ಕೆ 14. ಸಾಮರ್ಥ್ಯ ಸಿಗುವುದು 10 ಗಿಗಾಬಿಟ್‌ನ ಮಾಡ್ಯೂಲ್‌ಗಳಲ್ಲಿ (ಬಿಡಿ ಘಟಕಗಳಲ್ಲಿ) ಮಾತ್ರ ಆದರೆ ಎರಡಕ್ಕೂ ಎರಡೇ ಮಾಡ್ಯೂಲ್. ಅಲ್ಲಿ ವೆಚ್ಚ ಬದಲಾಗದಿರುವುದು ದೋಷವಲ್ಲ.