ಕ್ರೂಸ್‌ನಲ್ಲಿ ಊಟಕ್ಕೆ ತೆಗೆಸಿದ ವೈನ್ ಅರ್ಧ ಉಳಿದರೆ ಏನು ಮಾಡ್ತೀರಿ?

ಮೊದಲ_ಹಡಗು

ಮುಂದಿನ ತಿಂಗಳು ನಾನು, ನನ್ನ ಹೆಂಡತಿ ಏಳು ರಾತ್ರಿಯ ಕ್ರೂಸ್‌ಗೆ ಹೊರಟಿದ್ದೇವೆ. ಹಡಗು ಹತ್ತುತ್ತಿರುವುದು ಇದೇ ಮೊದಲು, ಪ್ರಶ್ನೆ ಪೆದ್ದುಪೆದ್ದಾಗಿದ್ದರೆ ಬೈಯಬೇಡಿ. ರಾತ್ರಿ ಊಟದ ಜೊತೆ ಇಬ್ಬರಿಗೂ ವೈನ್ ಬೇಕು. ಆದರೆ ಅವಳಿಗೆ ಒಂದು ಗ್ಲಾಸ್ ಸಾಕು, ನನಗೆ ಒಂದೂವರೆ. 750 ಎಂ.ಎಲ್. ಬಾಟಲಿಯಲ್ಲಿ 150ರ ಲೆಕ್ಕಕ್ಕೆ ಐದು ಗ್ಲಾಸ್ ಬರುತ್ತೆ, ಅಂದರೆ ಸರಿಯಾಗಿ ಅರ್ಧ ಬಾಟಲಿ ಮೇಜಿನ ಮೇಲೇ ಉಳಿಯುತ್ತೆ. ಬಿಟ್ಟು ಎದ್ದು ಬರಲು ಮನಸ್ಸು ಬರಲ್ಲ, ದುಡ್ಡು ಕೊಟ್ಟಿದ್ದೇವೆ ಅಂತ ಬಲವಂತಕ್ಕೆ ಕುಡಿಯುವ ವಯಸ್ಸೂ ಅಲ್ಲ.

ಉಳಿದದ್ದನ್ನು ಎತ್ತಿಟ್ಟು ಮಾರನೇ ದಿನ ಕೊಡ್ತಾರೆ ಅಂತ ಕೇಳಿದ್ದೆ. ನಿಜವಾ? ಎರಡು ರಾತ್ರಿ ನಾವು ಬೇರೆ ರೆಸ್ಟೋರೆಂಟ್ ಬುಕ್ ಮಾಡಿದ್ದೇವೆ, ಆಗ ಆ ಬಾಟಲಿ ಗತಿ ಏನು? ಕೆಟ್ಟು ಹೋಗಲ್ವಾ? ಮೂರನೇ ದಿನ ನಮ್ಮ ಮದುವೆ ವಾರ್ಷಿಕೋತ್ಸವ ಬೇರೆ. ಅವತ್ತು ಶಾಂಪೇನ್ ತೆಗೆಸಬೇಕು ಅಂತಿದೆ. ಅದು ಉಳಿದರೆ?

ಕಡಲ_ಕಾಗೆ

ನಿಜಾನೇ. ನಾನು ಹತ್ತಿದ ಎಲ್ಲ ಹಡಗಲ್ಲೂ ಎತ್ತಿಟ್ಟಿದ್ದಾರೆ. ಊಟ ಮುಗಿದ ಮೇಲೆ ವೇಟರ್‌ಗೆ ‘ಇದನ್ನ ನಾಳೆಗೆ ಇಡಿ’ ಅಂದರೆ ಆಯ್ತು. ಅವರೇ ಬಿರಡೆ ಹಾಕಿ, ಕುತ್ತಿಗೆಗೆ ಒಂದು ಚೀಟಿ ಕಟ್ಟಿ ನಿಮ್ಮ ಕ್ಯಾಬಿನ್ ನಂಬರ್ ಬರೆದುಕೊಂಡು ಹೋಗ್ತಾರೆ. ದಿನಾ ಒಂದೇ ಹೊತ್ತಿಗೆ ಒಂದೇ ಮೇಜಿನಲ್ಲಿ ಕೂರುವ ಪದ್ಧತಿ ತಗೊಂಡಿದ್ದರೆ ಇನ್ನೂ ಸುಲಭ. ಅದೇ ವೇಟರ್ ಇರ್ತಾನೆ, ಮೂರನೇ ದಿನದ ಹೊತ್ತಿಗೆ ನೀವು ಕೂರುವ ಮೊದಲೇ ಬಾಟಲಿ ಮೇಜಿನ ಮೇಲೆ ಬಂದಿರುತ್ತೆ. ಯಾವಾಗ ಬೇಕಾದರೂ ಬಂದು ಕೂರಬಹುದು ಅನ್ನುವ ಪದ್ಧತಿಯಾದರೆ ದಿನಾ ಹೊಸ ಮುಖ, ಹೊಸ ಮೇಜು. ಅಲ್ಲಿ ನೀವೇ ನೆನಪಿಸಬೇಕು.

ಒಂದು ಎಚ್ಚರಿಕೆ. ಒಂದು ಸಲ ನಾವು ಹಿಂದಿನ ರಾತ್ರಿ ಮುಕ್ಕಾಲು ಬಾಟಲಿ ಒಳ್ಳೇ ರೆಡ್ ಉಳಿಸಿದ್ದೆವು. ಮಾರನೇ ದಿನ ಮಾತಾಡ್ತಾ ಕೂತಿದ್ವಿ, ವೇಟರ್ ಬಂದ, ಸುರಿದ, ಹೋದ. ನಾನೊಂದು ಗುಟುಕು ಕುಡಿದು ‘ಒಂದೇ ದಿನಕ್ಕೆ ಎಷ್ಟು ಇಳಿದು ಹೋಗಿದೆ ನೋಡು’ ಅಂತ ಇವರಿಗೆ ದೊಡ್ಡ ಭಾಷಣ ಬಿಗಿದೆ. ಇವರು ಸುಮ್ನೆ ಬಾಟಲಿ ತಿರುಗಿಸಿ ಚೀಟಿ ತೋರಿಸಿದರು. ನಮ್ಮದು 8142, ಚೀಟಿಯಲ್ಲಿದ್ದದ್ದು 8124! ಅಷ್ಟು ಹೊತ್ತಿಗೆ ನಮ್ಮ ಬಾಟಲಿ ಆ ಮೇಜಿನವರು ಖಾಲಿ ಮಾಡಿಯಾಗಿತ್ತು. ಪಾಪ, ಹೊಸ ಬಾಟಲಿ ತಂದುಕೊಟ್ಟರು, ಅದು ಬೇರೆ ಮಾತು. ಅವತ್ತಿಂದ ಚೀಟಿಯ ಫೋಟೋ ತೆಗೆದಿಟ್ಟುಕೊಳ್ತೇನೆ, ಸುರಿಯುವ ಮೊದಲು ಲೇಬಲ್ ನೋಡ್ತೇನೆ.

ಬಿರಡೆ

ಹಡಗಿನವರು ಇಡ್ತಾರೆ ಅನ್ನೋದು ಸರಿ. ಹೇಗೆ ಇಡ್ತಾರೆ ಅನ್ನೋದೇ ಮುಖ್ಯ.

ವೈನ್ ಕೆಡೋದು ಗಾಳಿಯಿಂದ. ಕೊಯ್ದಿಟ್ಟ ಸೇಬು ಕಂದು ಬಣ್ಣಕ್ಕೆ ತಿರುಗುತ್ತಲ್ಲ, ಹೆಚ್ಚುಕಡಿಮೆ ಅದೇ ಕಥೆ. ಆಮ್ಲಜನಕ ಸೇರುತ್ತಾ ಹೋದಂತೆ ಮೊದಲು ಹಣ್ಣಿನ ಪರಿಮಳ ಮಾಯ, ಆಮೇಲೆ ಜಜ್ಜಿದ ಸೇಬಿನ ಥರ ಒಂದು ವಾಸನೆ, ಇನ್ನೂ ಬಿಟ್ಟರೆ ಹುಳಿ. ಕೊನೆಗೆ ಬ್ಯಾಕ್ಟೀರಿಯಾ ಸೇರಿ ವಿನೆಗರ್. ಚಳಿಯಲ್ಲಿಟ್ಟರೆ ಇದೆಲ್ಲ ನಿಧಾನ. ಆದ್ದರಿಂದ ಉಳಿದ ವೈನ್ ರೆಡ್ ಆದರೂ ಫ್ರಿಜ್‌ನಲ್ಲೇ ಇಡಬೇಕು. ‘ರೆಡ್ ಫ್ರಿಜ್‌ಗೆ ಇಡಬಾರದು’ ಅನ್ನೋದು ಕುಡಿಯುವ ಹೊತ್ತಿನ ಮಾತು, ಎತ್ತಿಡುವ ಹೊತ್ತಿನದಲ್ಲ. ಊಟಕ್ಕೆ ಅರ್ಧ ಗಂಟೆ ಮೊದಲು ಹೊರಗೆ ತೆಗೆಸಿದರೆ ಸಾಕು. ವೇಟರ್‌ಗೆ ಬಾಯಿ ಬಿಟ್ಟು ಹೇಳಿ, ‘ರೆಡ್ಡೇ, ಆದರೂ ಫ್ರಿಜ್‌ಗೆ ಇಡಿ’ ಅಂತ. ಹೇಳದಿದ್ದರೆ ಹೊರಗಿನ ಕಪಾಟಿನಲ್ಲೇ ಇಟ್ಟುಬಿಡುವ ಸಂಭವ ಜಾಸ್ತಿ. ಬಾಟಲಿ ನಿಲ್ಲಿಸಿ ಇಡಬೇಕು, ಮಲಗಿಸಿದರೆ ಗಾಳಿ ತಾಗುವ ಜಾಗ ಹೆಚ್ಚು.

ಹೀಗಿಟ್ಟರೆ ಬಿಳಿ ವೈನ್, ರೋಸೇ (ನಸುಗೆಂಪು ವೈನ್) ಮೂರರಿಂದ ಐದು ದಿನ ಬರುತ್ತೆ. ರೆಡ್ಡೂ ಅಷ್ಟೇ, ಆದರೆ ತೆಳು ರೆಡ್‌ಗಳು ಬೇಗ ಸೋಲುತ್ತವೆ. ಒಗರು ಜಾಸ್ತಿ ಇರುವ ಎಳೇ ರೆಡ್ ಕೆಲವು ಎರಡನೇ ದಿನ ಇನ್ನೂ ಹದವಾಗಿರೋದೂ ಉಂಟು. ಹತ್ತಿಪ್ಪತ್ತು ವರ್ಷ ಹಳೆಯ ಬಾಟಲಿ ಮಾತ್ರ ತೆಗೆದ ರಾತ್ರಿಯೇ ಮುಗಿಸಿಬಿಡಿ, ಕೆಲವೇ ಗಂಟೆಗಳಲ್ಲಿ ಸಪ್ಪೆಯಾಗುತ್ತೆ. ಎಷ್ಟು ಉಳಿದಿದೆ ಅನ್ನೋದೂ ಲೆಕ್ಕಕ್ಕೆ ಬರುತ್ತೆ: ಮುಕ್ಕಾಲು ತುಂಬಿರುವ ಬಾಟಲಿ ತಡೆದೀತು, ತಳದಲ್ಲಿ ಒಂದು ಗ್ಲಾಸ್ ಇದ್ದರೆ ಮೇಲೆಲ್ಲ ಗಾಳಿಯೇ. ಆ ಒಂದು ಗ್ಲಾಸ್ ಉಳಿಸೋಕೆ ಹೋಗಬೇಡಿ.

ಶಾಂಪೇನ್ ವಿಷಯ. ಸಾಮಾನ್ಯ ಬಿರಡೆ ನಿಲ್ಲಲ್ಲ, ಒಳಗಿನ ಒತ್ತಡಕ್ಕೆ ಹಾರಿಹೋಗುತ್ತೆ. ಅದಕ್ಕೆ ಅಂತಲೇ ಎರಡು ಕಿವಿ ಇರುವ ಮುಚ್ಚಳ ಸಿಗುತ್ತೆ, ಬಾಟಲಿಯ ಕುತ್ತಿಗೆಯ ಅಂಚನ್ನು ಕಚ್ಚಿ ಹಿಡಿಯುತ್ತೆ. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು, ಒಂದು ಬ್ಯಾಗ್‌ನಲ್ಲಿರಲಿ. ಅದನ್ನು ಹಾಕಿ ಚೆನ್ನಾಗಿ ತಣ್ಣಗಿಟ್ಟರೆ ಮಾರನೇ ದಿನಕ್ಕೆ ಗುಳ್ಳೆ ಇನ್ನೂ ಜೀವಂತ, ಎರಡನೇ ದಿನವೂ ಪರವಾಗಿಲ್ಲ. ಕುತ್ತಿಗೆಗೆ ಬೆಳ್ಳಿ ಚಮಚ ನೇತುಹಾಕಿದರೆ ಗುಳ್ಳೆ ಉಳಿಯುತ್ತೆ ಅಂತ ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ. ಪರೀಕ್ಷೆ ಮಾಡಿ ನೋಡಿದವರಿದ್ದಾರೆ, ಚಮಚದಿಂದ ಏನೂ ಆಗಲ್ಲ. ಕೆಲಸ ಮಾಡೋದು ಫ್ರಿಜ್‌ನ ಚಳಿ, ಹೆಸರು ಬರೋದು ಚಮಚಕ್ಕೆ.

ಮೊದಲ_ಹಡಗು

ಅಬ್ಬಾ, ಇಷ್ಟು ಸಿಗುತ್ತೆ ಅಂತ ಅಂದುಕೊಂಡಿರಲಿಲ್ಲ. @ಬಿರಡೆ, ಮನೆಯಲ್ಲಿ ಗಾಳಿ ಎಳೆಯುವ ಪುಟ್ಟ ಕೈಪಂಪ್ ಒಂದಿದೆ, ರಬ್ಬರ್ ಬಿರಡೆ ಹಾಕಿ ಪುಸಕ್ ಪುಸಕ್ ಅಂತ ಎಳೆಯೋದು. ತರಲಾ? ಗೆಳೆಯನ ಹತ್ತಿರ ಕೊರಾವಿನ್ ಕೂಡ ಇದೆ, ಬೇಕಾದರೆ ತಗೊಂಡು ಹೋಗು ಅಂದಿದ್ದಾನೆ.

ಬಿರಡೆ

ಪಂಪ್ ತನ್ನಿ, ಹಗುರ. ಪೂರ್ತಿ ಗಾಳಿ ತೆಗೆಯಲ್ಲ, ಒಂದೆರಡು ದಿನ ಹೆಚ್ಚು ಕೊಟ್ಟರೆ ದೊಡ್ಡದು. ಆದರೆ ಗುಳ್ಳೆ ವೈನ್‌ಗೆ ಮಾತ್ರ ಅದನ್ನು ಹಾಕಬೇಡಿ, ಉಳಿಸಬೇಕಾದ ಗ್ಯಾಸನ್ನೇ ಎಳೆದುಹಾಕುತ್ತೆ.

ಕೊರಾವಿನ್ ಒಳ್ಳೇ ವಸ್ತು, ಬಿರಡೆ ತೆಗೆಯದೇ ಸೂಜಿ ಚುಚ್ಚಿ ವೈನ್ ಹೊರಗೆ ತೆಗೆಯುತ್ತೆ, ಆ ಜಾಗಕ್ಕೆ ಆರ್ಗಾನ್ ಅನ್ನುವ, ವೈನ್ ಕೆಡಿಸದ ಗ್ಯಾಸ್ ತುಂಬುತ್ತೆ. ಆದರೆ ಆ ಆರ್ಗಾನ್ ಡಬ್ಬಿ ಒತ್ತಡದ ಗ್ಯಾಸ್. ಬಂದರಿಗೆ ವಿಮಾನದಲ್ಲಿ ಹೋಗೋದಾದರೆ ಅದನ್ನು ಒಯ್ಯುವ ಹಾಗಿಲ್ಲ. ಏಳು ದಿನಕ್ಕೆ ಅಷ್ಟು ತಾಪತ್ರಯ ಯಾಕೆ?

ಅದಕ್ಕಿಂತ ಪುಗಸಟ್ಟೆ ಉಪಾಯ ಇದೆ. 375 ಎಂ.ಎಲ್.ನ ತಿರುಪು ಮುಚ್ಚಳದ ಅರ್ಧ ಬಾಟಲಿ ಒಂದು ಖಾಲಿ ತಗೊಳ್ಳಿ, ತೊಳೆದು ಒಣಗಿಸಿ ಜೊತೆಗಿಟ್ಟುಕೊಳ್ಳಿ. ದೊಡ್ಡ ಬಾಟಲಿ ತೆರೆದ ತಕ್ಷಣ, ಕುಡಿಯೋಕೆ ಶುರು ಮಾಡುವ ಮೊದಲೇ, ಅರ್ಧ ಅದಕ್ಕೆ ಬಗ್ಗಿಸಿ. ಕಂಠದವರೆಗೆ, ಇನ್ನೊಂದು ಹನಿ ಹಾಕಿದರೆ ಚೆಲ್ಲಬೇಕು ಅನ್ನುವಷ್ಟು ತುಂಬಿ ಮುಚ್ಚಳ ಬಿಗಿ ಮಾಡಿ. ಒಳಗೆ ಗಾಳಿಯೇ ಇಲ್ಲ ಅಂದಮೇಲೆ ಕೆಡೋದು ಎಲ್ಲಿಂದ? ಊಟದ ಕೊನೆಗೆ ಉಳಿದದ್ದನ್ನು ಸುರಿಯೋದಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಅಷ್ಟು ಹೊತ್ತು ಮೇಜಿನ ಮೇಲೆ ಬಾಯಿ ತೆರೆದುಕೊಂಡು ಕೂತ ವೈನ್ ಆಗಲೇ ಗಾಳಿ ಕುಡಿದಿರುತ್ತೆ.

ಒಂದೇ_ಗ್ಲಾಸ್

ಕ್ಷಮಿಸಿ, ನನಗೆ ಈ ಗೋಜೇ ಅರ್ಥವಾಗಲ್ಲ. ರಜೆಗೆ ಹೋಗಿ ಖಾಲಿ ಬಾಟಲಿ ತೊಳೆದುಕೊಂಡು ಕೂರ್ತೀರಾ? ಗ್ಲಾಸ್ ಲೆಕ್ಕದಲ್ಲಿ ತಗೊಳ್ಳಿ. ದಿನಾ ಬೇರೆ ವೈನ್, ಮೀನಿಗೆ ಒಂದು, ಮಾಂಸಕ್ಕೆ ಒಂದು. ಉಳಿಯೋದೂ ಇಲ್ಲ, ಕೆಡೋದೂ ಇಲ್ಲ.

ಕಡಲ_ಕಾಗೆ

ಇಬ್ಬರೂ ಬೇರೆ ಬೇರೆ ವೈನ್ ಕುಡಿಯೋರಾದರೆ ನೀವು ಹೇಳಿದ್ದೇ ಸರಿ. ಆದರೆ ಗ್ಲಾಸ್‌ಗೆ ಸಿಗೋದು ಪಟ್ಟಿಯಲ್ಲಿ ಒಂದು ಮೂಲೆಯಷ್ಟು ಮಾತ್ರ, ಚೆನ್ನಾಗಿರೋದೆಲ್ಲ ಬಾಟಲಿಯಲ್ಲೇ. ಐದು ಗ್ಲಾಸ್ ಬಿಡಿಬಿಡಿಯಾಗಿ ತಗೊಂಡರೆ ಸಾಮಾನ್ಯವಾಗಿ ಬಾಟಲಿಗಿಂತ ಜಾಸ್ತಿಯೇ ಬೀಳುತ್ತೆ. ಇನ್ನೊಂದು, ನಿಮ್ಮ ಗ್ಲಾಸ್‌ಗೆ ಸುರಿದ ಬಾಟಲಿ ಯಾವಾಗ ತೆರೆದದ್ದು ಅಂತ ಕೇಳಿದ್ದೀರಾ ಎಂದಾದರೂ? ಅದೂ ಉಳಿದ ಬಾಟಲಿಯೇ ಅಲ್ವಾ 😄

ಹಳೇ_ಸ್ಟೀವರ್ಡ್

ಮೂರು ವರ್ಷ ಹಡಗಿನ ಊಟದ ಹಾಲ್‌ನಲ್ಲಿ ಕೆಲಸ ಮಾಡಿದ್ದೇನೆ, ಒಳಗಿನ ಕಥೆ ಹೇಳ್ತೇನೆ ಕೇಳಿ. ಉಳಿದ ಬಾಟಲಿಗಳಿಗೆ ಒಂದು ಸಣ್ಣ ಕೋಣೆ ಇತ್ತು. ಡೆಕ್ (ಹಡಗಿನ ಮಹಡಿ) ಪ್ರಕಾರ ಸಾಲಾಗಿ ಇಡ್ತಿದ್ದೆವು. ಎರಡನೇ ರಾತ್ರಿ ಹತ್ತಿಪ್ಪತ್ತು ಬಾಟಲಿ, ಐದನೇ ರಾತ್ರಿ ಕಾಲಿಡೋಕೆ ಜಾಗ ಇರ್ತಿರಲಿಲ್ಲ. ಊಟದ ಭರಾಟೆಯಲ್ಲಿ ಅದರೊಳಗೆ ಹೋಗಿ ಒಂದು ಚೀಟಿ ಹುಡುಕೋದು ಅಂದರೆ ಹತ್ತು ನಿಮಿಷದ ಕೆಲಸ. ಆದ್ದರಿಂದ ಒಂದು ಉಪಕಾರ ಮಾಡಿ, ಸೂಪ್ ಬಂದಮೇಲೆ ಕೇಳಬೇಡಿ, ಬಾಗಿಲಲ್ಲಿ ಕ್ಯಾಬಿನ್ ನಂಬರ್ ಹೇಳುವಾಗಲೇ ‘ನಮ್ಮದೊಂದು ಬಾಟಲಿ ಇದೆ’ ಅನ್ನಿ.

ಬೇರೆ ರೆಸ್ಟೋರೆಂಟ್ ಅಂದಿರಲ್ಲ, ಅಲ್ಲಿಗೂ ಕಳಿಸ್ತಿದ್ದೆವು. ಆದರೆ ಹಿಂದಿನ ರಾತ್ರಿಯೇ ಹೇಳಿದರೆ ಮಾತ್ರ ಸಲೀಸು. ಅಲ್ಲಿ ಹೋಗಿ ಕೂತು ಕೇಳಿದರೆ ಯಾರೋ ಒಬ್ಬ ನಾಲ್ಕು ಡೆಕ್ ಇಳಿದು ಹತ್ತಬೇಕು, ಅಷ್ಟರಲ್ಲಿ ನಿಮ್ಮ ಊಟ ಅರ್ಧ ಆಗಿರುತ್ತೆ. ಬೇಡ ಅನಿಸಿದರೆ ಕ್ಯಾಬಿನ್‌ಗೇ ತಗೊಂಡು ಹೋಗಿ, ನಾವು ಯಾರನ್ನೂ ತಡೆದದ್ದಿಲ್ಲ. ಒಂದು ಮಾತ್ರ ನೆನಪಿರಲಿ, ಕ್ಯಾಬಿನ್‌ನ ಪುಟ್ಟ ಪೆಟ್ಟಿಗೆ ಎಷ್ಟೋ ಕಡೆ ನಿಜವಾದ ಫ್ರಿಜ್ ಅಲ್ಲ, ಸುಮ್ನೆ ತಂಪಾಗಿಡುತ್ತೆ ಅಷ್ಟೇ. ಬಿಳಿ ವೈನ್ ಅಲ್ಲಿ ಇಡೋದಾದರೆ ಕ್ಯಾಬಿನ್ ನೋಡಿಕೊಳ್ಳುವ ಸ್ಟೀವರ್ಡ್ ಹತ್ತಿರ ಒಂದು ಬಕೆಟ್ ಐಸ್ ಕೇಳಿ.

ಮನೆಯಿಂದ ಬಾಟಲಿ ತರೋದಾದರೆ ಎಷ್ಟು ತರಬಹುದು ಅನ್ನೋದು ಕಂಪನಿಗೊಂದು ನಿಯಮ, ಟಿಕೆಟ್ ಜೊತೆ ಬಂದ ಕಾಗದ ಓದಿ. ಊಟದ ಹಾಲ್‌ನಲ್ಲಿ ತೆರೆದರೆ ಕಾರ್ಕೇಜ್, ಅಂದರೆ ಹೊರಗಿಂದ ತಂದ ಬಾಟಲಿ ತೆರೆದು ಬಡಿಸೋಕೆ ಶುಲ್ಕ, ಹಾಕ್ತಾರೆ. ನಮ್ಮಲ್ಲಿ ಅದು ಬಾಟಲಿಗೆ ಒಂದೇ ಸಲ ಇತ್ತು, ಎರಡನೇ ರಾತ್ರಿಗೆ ಮತ್ತೆ ಹಾಕ್ತಿರಲಿಲ್ಲ. ಚೀಟಿ ಮೇಲೆ ‘ಕಾರ್ಕೇಜ್ ಆಗಿದೆ’ ಅಂತ ಬರೆಸಿಕೊಂಡರೆ ಜಗಳ ಇಲ್ಲ.

ವಾರ್ಷಿಕೋತ್ಸವದ ಶಾಂಪೇನ್‌ಗೆ ನನ್ನ ಸಲಹೆ: ಊಟಕ್ಕೆ ಮೊದಲೇ, ಕ್ಯಾಬಿನ್‌ನಲ್ಲೋ ಡೆಕ್ ಮೇಲೋ ತೆರೆಸಿ. ತಲಾ ಒಂದೊಂದು ಗ್ಲಾಸ್ ಅಲ್ಲೇ ಆಗುತ್ತೆ, ಊಟಕ್ಕೆ ಇನ್ನೊಂದೊಂದು. ಅವತ್ತು ಬೇರೆ ವೈನ್ ತೆಗೆಸಬೇಡಿ. ಉಳಿದರೂ ಒಂದು ಗ್ಲಾಸ್‌ನಷ್ಟೇ.

ಮೊದಲ_ಹಡಗು

ಇದು ಹೊಳೆದೇ ಇರಲಿಲ್ಲ ನೋಡಿ. ಹಾಗಾದರೆ ಮೊದಲೆರಡು ದಿನ ಒಂದು ಬಿಳಿ, ಮೂರನೇ ದಿನ ಶಾಂಪೇನ್, ಬೇರೆ ರೆಸ್ಟೋರೆಂಟ್‌ನ ಎರಡು ರಾತ್ರಿ ಗ್ಲಾಸ್ ಲೆಕ್ಕದಲ್ಲಿ (@ಒಂದೇ_ಗ್ಲಾಸ್ ಅವರಿಗೂ ಬೇಜಾರಾಗಬಾರದಲ್ಲ), ಕೊನೆಯ ಎರಡು ದಿನಕ್ಕೆ ಒಂದು ಗಟ್ಟಿ ರೆಡ್. ಆಯ್ತಲ್ಲ? ಕೊನೆಯ ರಾತ್ರಿ ಉಳಿದರೆ ಸೂಟ್‌ಕೇಸ್‌ಗೆ ಹಾಕಿಕೊಂಡು ಬರಬಹುದಾ?

ಕಡಲ_ಕಾಗೆ

ಅಯ್ಯೋ ಬೇಡ! ಇಳಿಯುವ ಹಿಂದಿನ ರಾತ್ರಿಯೇ ದೊಡ್ಡ ಸೂಟ್‌ಕೇಸ್‌ಗಳನ್ನು ಬಾಗಿಲ ಹೊರಗೆ ಇಡಿ ಅಂತಾರೆ, ರಾಶಿ ಹಾಕಿ ಒಯ್ಯುತ್ತಾರೆ. ತೆರೆದ ಬಾಟಲಿ ಅದರೊಳಗೆ ಏನಾಗುತ್ತೆ ಅಂತ ನನ್ನ ಒಂದು ಬಿಳಿ ಅಂಗಿ ಹೇಳುತ್ತೆ, ಇವತ್ತಿಗೂ ತೋಳಿನ ಮೇಲೆ ನೇರಳೆ ಕಲೆ ಹಾಗೇ ಇದೆ.

ಕೊನೆಯ ರಾತ್ರಿ ಉಳಿದರೆ ಕ್ಯಾಬಿನ್‌ಗೆ ತಂದು ಬಾಲ್ಕನಿ ಇದ್ದರೆ ಅಲ್ಲಿ ಕೂತು ಮುಗಿಸಿ. ಕಡಲು ಹೊಯ್ದಾಡ್ತಿದ್ದರೆ ಬಾಟಲಿ ಮೇಜಿನ ಮೇಲೆ ನಿಲ್ಲಲ್ಲ, ಇವರು ಕಂಡುಹಿಡಿದ ಉಪಾಯ ಅಂದರೆ ನನ್ನ ಒಂದು ಶೂ ಒಳಗೆ ಅದನ್ನು ನಿಲ್ಲಿಸೋದು. ಎಷ್ಟು ಅಲುಗಾಡಿದರೂ ಬೀಳಲ್ಲ. ಬಾಟಲಿ ಎತ್ತಿ ಸುರಿಯುವಾಗ ಮಾತ್ರ ಉಸಿರು ಬಿಗಿಹಿಡೀಬೇಕು, ಅಷ್ಟೇ.