ಅಪ್ಪನ ಕೋವಿ ಹೆಸರಿಗೆ ಬಂತು, ಕೈಗೆ ಬಂದಿಲ್ಲ: ಮತ್ತೆ ತರಬೇತಿಗೆ ಹೋಗಬೇಕಾ?

ಕೇಳಿದವರು: ಕೊಪ್ಪ ಕಡೆಯ ಅಡಿಕೆ ಬೆಳೆಗಾರ

ಅಪ್ಪ ತೀರಿಕೊಂಡ ಮೇಲೆ ಅವರ ಜೋಡುನಳಿಗೆ ತೋಟಾ ಕೋವಿಯ ಲೈಸೆನ್ಸ್ ನನ್ನ ಹೆಸರಿಗಾಯಿತು. ಬೆಳೆ ರಕ್ಷಣೆಗೆ ಅಂತ ಕೊಟ್ಟ ಲೈಸೆನ್ಸ್. ಆಗ ಪೊಲೀಸರ ನಾಗರಿಕ ಬಂದೂಕು ತರಬೇತಿ ಶಿಬಿರಕ್ಕೆ ಹೋಗಿ ಸರ್ಟಿಫಿಕೇಟ್ ತಂದಿದ್ದೆ. ಅದಾಗಿ ಆರು ವರ್ಷ. ಇಷ್ಟರಲ್ಲಿ ಹೊಡೆದದ್ದು ನಾಲ್ಕೋ ಐದೋ ಈಡು, ಅದೂ ಮಂಗ ಓಡಿಸೋಕೆ. ಮೊನ್ನೆ ಒರೆಸೋಣ ಅಂತ ಗೋಡೆಯಿಂದ ಇಳಿಸಿ, ಖಾಲಿ ಅಂದುಕೊಂಡೇ ನಳಿಗೆಯ ಬುಡ ಮಡಚಿ ತೆರೆದು ನೋಡಿದರೆ ಎಡನಳಿಗೆಯಲ್ಲಿ ತೋಟಾ ಕೂತಿದೆ! ಮಗಳು ಎದುರಿಗೇ ಹೋಂವರ್ಕ್ ಮಾಡ್ತಿದ್ದಳು. ಹಿಂದಿನ ಟ್ರಿಗರ್ ಯಾವ ನಳಿಗೆಯದ್ದು ಅಂತಲೂ ಆ ಹೊತ್ತಿಗೆ ನೆನಪಾಗಲಿಲ್ಲ. ಒಮ್ಮೆ ಸರ್ಟಿಫಿಕೇಟ್ ತಗೊಂಡವರು ಮತ್ತೆ ತರಬೇತಿಗೆ ಹೋಗೋದು ಅಗತ್ಯವಾ? ನೀವೆಲ್ಲ ಏನು ಮಾಡ್ತೀರಿ?

ತೀರ್ಥಹಳ್ಳಿಯಿಂದ

ಅಗತ್ಯವಾ ಅಂತ ಕೇಳ್ತೀರಲ್ಲ ಮಾರಾಯ್ರೆ, ಮಗಳು ಎದುರಿಗಿದ್ದಳು ಅಂತ ನೀವೇ ಬರೆದಿದ್ದೀರಿ.

ನನ್ನದು ಕೇಳಿ. ಗದ್ದೆ ಕಾಯೋಕೆ ನಾನೂ ಭಾವನೂ ರಾತ್ರಿ ಹೊರಟಿದ್ದೆವು. ದಣಪೆ (ಬೇಲಿಯ ಗೇಟು) ದಾಟುವಾಗ ಕೋವಿ ಮಡಚಿ ತೋಟಾ ತೆಗೀಬೇಕು ಅಂತ ನನಗೆ ಗೊತ್ತಿಲ್ಲದೆ ಏನಲ್ಲ. ಆದ್ರೆ ಜಿಟಿಜಿಟಿ ಮಳೆ, ಒಂದು ಕೈಯಲ್ಲಿ ಬ್ಯಾಟರಿ, ಯಾರು ಮಡಚ್ತಾರೆ ಅಂತ ಹಾಗೇ ಕಾಲೆತ್ತಿದೆ. ಜಾರಿತು. ಈಡು ಹಾರಿದ್ದು ಭಾವನ ಪಾದದಿಂದ ಒಂದು ಮೊಳ ಆಚೆ. ಕೆಸರು ಅವರ ಮುಖದವರೆಗೆ ಎರಚಿತ್ತು. ಇಬ್ಬರೂ ಅಲ್ಲೇ ಕೂತೆವು, ತುಂಬ ಹೊತ್ತು ಮಾತಿಲ್ಲ. ನಾನು ಕೋವಿ ಹಿಡಿದು ಆಗಲೇ ಇಪ್ಪತ್ತು ವರ್ಷ ಆಗಿತ್ತು ಅನ್ನೋದನ್ನ ಗಮನಿಸಿ.

ಈಗ ತಿಂಗಳಿಗೆರಡು ಸಲ ಖಾಲಿ ಕೋವಿ ಹಿಡ್ಕೊಂಡು ನಮ್ಮನೆ ದಣಪೆ ದಾಟ್ತೀನಿ. ನಿಲ್ಲು, ಮಡಚು, ತೆಗಿ, ಜೇಬಿಗೆ ಹಾಕು, ದಾಟು. ಆಳುಗಳು ನಗ್ತಾರೆ, ನಗಲಿ. ಇನ್ನೊಂದು ಮಾತು: ಬಿದ್ದರೆ, ಏಳುತ್ತಲೇ ನಳಿಗೆಯೊಳಗೆ ಕೆಸರು ಹೋಗಿದೆಯಾ ನೋಡಿ. ಅಡ್ಡ ಏನಾದ್ರೂ ಸಿಕ್ಕಿಕೊಂಡ ನಳಿಗೆಯಲ್ಲಿ ಈಡು ಹೊಡೆದರೆ ನಳಿಗೆಯೇ ಸೀಳುತ್ತೆ.

ನಿವೃತ್ತ ಪೊಲೀಸ್, ಸಶಸ್ತ್ರ ಮೀಸಲು ಪಡೆ

ಇಂಥ ಶಿಬಿರಗಳಲ್ಲಿ ವರ್ಷಗಟ್ಟಲೆ ಕಲಿಸಿದವನು ನಾನು, ಹಾಗಾಗಿ ಅದರ ಮಿತಿಯನ್ನೂ ನಾನೇ ಹೇಳಬೇಕು. ಶಸ್ತ್ರಾಸ್ತ್ರ ನಿಯಮಗಳು 2016ರಲ್ಲಿ ಬಂದ ಮೇಲೆ ಲೈಸೆನ್ಸಿಗೆ ತರಬೇತಿ ಪತ್ರ ಬೇಕಾಯಿತು. ಜನ ಬಂದರು. ನಾವು ಕೊಟ್ಟಿದ್ದು ಸಣ್ಣ ಗುಂಡಿನ .22 ರೈಫಲ್. ಮರಳು ಚೀಲದ ಮೇಲಿಟ್ಟು, ಮಲಗಿ, ಹಗಲು ಬೆಳಕಲ್ಲಿ, ಅಲುಗಾಡದ ಗುರಿಗೆ ಹೊಡೆಸಿದೆವು. ಅದಕ್ಕೆ ಒದೆತವೇ ಇಲ್ಲ. ನಿಮ್ಮ ಮನೇಲಿರೋದು ದಪ್ಪ ನಳಿಗೆಯ 12 ಬೋರ್. ಮುಸ್ಸಂಜೆ, ನಿಂತುಕೊಂಡು, ಎದೆ ಡವಡವ ಅನ್ನುವಾಗ ಎತ್ತೋದು. ಎರಡಕ್ಕೂ ಸಂಬಂಧ ಕಡಿಮೆ ಸಾರ್. 2019ರ ತಿದ್ದುಪಡಿಯಲ್ಲಿ ಲೈಸೆನ್ಸ್ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿತು. ನವೀಕರಣಕ್ಕೆ ಬಂದವರನ್ನ ‘ಒಮ್ಮೆ ಖಾಲಿ ಮಾಡಿ ತೋರಿಸಿ’ ಅಂತ ಕೇಳಿದ್ದು ನಾನಂತೂ ನೋಡಿಲ್ಲ.

ನಿಮ್ಮ ಪ್ರಶ್ನೆಗೆ: ಎರಡು ಟ್ರಿಗರಿನ ಕೋವಿಗಳಲ್ಲಿ ಸಾಮಾನ್ಯವಾಗಿ ಮುಂದಿನದು ಬಲನಳಿಗೆ, ಹಿಂದಿನದು ಎಡ. ಇದನ್ನ ಓದಿ ಕಲಿಯೋಕಾಗಲ್ಲ, ಬೆರಳಿಗೇ ಗೊತ್ತಿರಬೇಕು. 12 ಬೋರಿನ ಡಮ್ಮಿ ತೋಟಾ ಎರಡು ತಗೊಳ್ಳಿ. ನಿಜವಾದ ತೋಟಾ ಇನ್ನೊಂದು ಕೋಣೆಯಲ್ಲಿ ಬೀಗ ಹಾಕಿಟ್ಟು, ಮಣ್ಣುಗೋಡೆ ಕಡೆ ಮುಖ ಮಾಡಿ, ವಾರಕ್ಕೆ ಹತ್ತು ನಿಮಿಷ: ತುಂಬು, ಸೇಫ್ಟಿ ಲಾಕ್ ಹಾಕು, ಭುಜಕ್ಕೆ ತಗೋ, ಇಳಿಸು, ಖಾಲಿ ಮಾಡು. ಖಾಲಿಯಾದ್ದನ್ನ ಕಣ್ಣಲ್ಲಿ ನೋಡಿದ ಮೇಲೂ ಕಿರುಬೆರಳು ಹಾಕಿ ಮುಟ್ಟಿ ನೋಡಿ. ಕರೆಂಟ್ ಹೋದಾಗ ಬೆರಳೇ ಕಣ್ಣು.

ಟ್ರಿಗರ್ ಎಳೆದು ಸಿಡಿಯದಿದ್ದರೆ ತಕ್ಷಣ ಮಡಚಬೇಡಿ. ನಳಿಗೆ ಅದೇ ದಿಕ್ಕಿಗೆ ಹಿಡಿದು ಅರ್ಧ ನಿಮಿಷ ಕಾಯಿರಿ, ತಡವಾಗಿ ಸಿಡಿಯೋದುಂಟು. ‘ಫುಸ್’ ಅಂತ ಸದ್ದು ಕಡಿಮೆ ಬಂದರೆ ಇನ್ನೊಂದು ಈಡು ಹೊಡೆಯಲೇಬೇಡಿ, ನಳಿಗೆ ತಪಾಸಣೆ ಆಗಲಿ. ಡಬ್ಬಿ ಇಟ್ಟು ಮನೆ ಹಿಂದೆ ಗುರಿ ಹೊಡೆಯೋದೂ ಬೇಡ. ನಿಜ ಗುಂಡಿನ ಅಭ್ಯಾಸ ಅನುಮತಿ ಇರುವ ರೇಂಜಿನಲ್ಲೇ ಆಗಬೇಕು. ಶಿಬಿರ ಯಾವಾಗ ಅಂತ ಜಿಲ್ಲಾ ಪೊಲೀಸ್ ಕಚೇರಿಯಲ್ಲಿ ವಿಚಾರಿಸಿ. ಒಮ್ಮೆ ಪಾಸಾದವರೂ ಮತ್ತೆ ಬಂದರೆ ನಮಗೆ ಖುಷಿಯೇ.

ವಿರಾಜಪೇಟೆ

ನಮಗೆ ಕೊಡಗಿನಲ್ಲಿ ಕೋವಿ ಅಂದ್ರೆ ಹುಟ್ಟಿನಿಂದ ಸಾವಿನವರೆಗೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಲೈಸೆನ್ಸ್ ವಿನಾಯಿತಿ ಇದೆ, ಈಗಿನದು 2029ರವರೆಗೆ. ಹೊರಗಿನವರು ‘ನಿಮಗೆ ತರಬೇತಿಯೇ ಬೇಡ, ರಕ್ತದಲ್ಲೇ ಇದೆ’ ಅಂತಾರೆ. ನಾನು ಒಪ್ಪಲ್ಲ. ರಕ್ತದಲ್ಲಿ ಏನೂ ಇರಲ್ಲ, ತಾತ ತಲೆಮೇಲೆ ಕುಟ್ಟಿ ಕಲಿಸಿದ್ದು ಅಷ್ಟೆ. ಬಾಯಿಯಿಂದ ಮದ್ದು ತುಂಬುವ ಹಳೆ ಕೇಪಿನ ಕೋವಿ ಹೊರಗಿನಿಂದ ನೋಡಿದರೆ ತುಂಬಿದೆಯೋ ಇಲ್ಲವೋ ಗೊತ್ತಾಗಲ್ಲ. ತಾತ ಅದರ ಗಜದ (ಮದ್ದು ಒತ್ತುವ ಕೋಲು) ಮೇಲೆ ಅರದಲ್ಲಿ ಒಂದು ಗೀರು ಹಾಕಿದ್ದರು. ಗಜ ಇಳಿಬಿಟ್ಟಾಗ ಗೀರು ನಳಿಗೆ ಬಾಯಿಗೆ ಸರಿಯಾಗಿ ಬಂದರೆ ಖಾಲಿ, ಮೇಲೆ ನಿಂತರೆ ಒಳಗೆ ಮದ್ದಿದೆ.

ಈಗಿನ ಹುಡುಗರು ಬೆಂಗಳೂರಿಂದ ಸೆಪ್ಟೆಂಬರ್ 3ರ ನಮ್ಮ ಆಯುಧಪೂಜೆ ಹಬ್ಬ ಕೈಲ್‌ಪೊಳ್ದ್‌ಗೆ ಬರ್ತಾರೆ, ಪೂಜೆಗಿಟ್ಟ ಕೋವಿಗೆ ತೋಕ್‌ಪೂ ಹೂವು ಸಿಕ್ಕಿಸಿ ಫೋಟೋ ತೆಗಿತಾರೆ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯೋಕೆ ಸಾಲಲ್ಲಿ ನಿಲ್ತಾರೆ. ವರ್ಷಕ್ಕೆ ಒಂದೇ ಸಲ! ನಮ್ಮ ಒಕ್ಕದಲ್ಲಿ, ಅಂದ್ರೆ ಮನೆತನದಲ್ಲಿ, ಈಗ, ಹಿಂದಿನ ಸಂಜೆ ಹಿರಿಯರ ಮುಂದೆ ತುಂಬಿ ಖಾಲಿ ಮಾಡಿ ತೋರಿಸದವರಿಗೆ ಮರುದಿನ ತೆಂಗಿನಕಾಯಿ ಇಲ್ಲ. ಒಬ್ಬ ಸಿಟ್ಟು ಮಾಡ್ಕೊಂಡು ಊಟ ಬಿಟ್ಟ. ಮುಂದಿನ ವರ್ಷ ಕಲಿತು ಬಂದ.

ಸಕಲೇಶಪುರದ ಕಾಫಿ ಬೆಳೆಗಾರ್ತಿ

ನಮ್ಮೆಜಮಾನರು ಹೋದ ಮೇಲೆ ಐವತ್ತೆರಡನೇ ವಯಸ್ಸಲ್ಲಿ ಕಲಿತವಳು ನಾನು. ಮೊದಲ ಈಡಿಗೇ ಭುಜ ನೀಲಿ. ಕೋವಿಯ ಹಿಂಬದಿಯ ಮರದ ಹಿಡಿ ಅವರ ಕೈಯಳತೆಗೆ ಇತ್ತು, ನನಗೆ ಉದ್ದ. ಕಲಿಸಿದವರು ಹೇಳೋವರೆಗೂ ನನ್ನ ಕೈಲಾಗಲ್ಲ ಅಂದುಕೊಂಡಿದ್ದೆ.

2024ರ ಚುನಾವಣೆಗೆ ಕೋವಿ ಠಾಣೆಗೆ ಕೊಟ್ಟಿದ್ದೆ. ವಾಪಸ್ ಬರುವಷ್ಟರಲ್ಲಿ ನಳಿಗೆಗೆ ತುಕ್ಕು, ನನ್ನ ಕೈಗೂ ತುಕ್ಕು. ಲಾಕ್ ಯಾವ ಕಡೆ ತಳ್ಳಬೇಕು ಅಂತ ಒಂದು ಗಳಿಗೆ ಯೋಚಿಸಿದೆ ನೋಡಿ. ಅವತ್ತಿಂದ ಠಾಣೆಯಿಂದ ಬಂದ ದಿನವೇ ಮೊದಲಿನಿಂದ ಅಭ್ಯಾಸ. ಆಮೇಲೆ, ಆನೆ ಬಂದಾಗ ಕೋವಿ ಮುಟ್ಟಲ್ಲ. ಬಾಗಿಲು ಹಾಕಿ ಅರಣ್ಯದವರಿಗೆ ಫೋನ್. ಇದನ್ನೂ ತರಬೇತಿಯಲ್ಲೇ ಕಲಿತದ್ದು.

ಟೆಕ್ಸಾಸಿನಿಂದ, ಮೂಲ ದಾವಣಗೆರೆ

ಇಲ್ಲಿ 2021ರಿಂದ ಪರ್ಮಿಟ್ ಇಲ್ಲದೆಯೂ ಪಿಸ್ತೂಲು ಜೊತೆಗಿಟ್ಟುಕೊಂಡು ಓಡಾಡಬಹುದು, ಕಲಿತಿರಲೇಬೇಕು ಅನ್ನೋ ಕಡ್ಡಾಯ ಇಲ್ಲ. ನಾನು ತಿಂಗಳಿಗೊಮ್ಮೆ ರೇಂಜಿಗೆ ಹೋಗ್ತೀನಿ. ಎರಡು ತಿಂಗಳು ತಪ್ಪಿಸಿದರೆ ಸಾಕು, ಟ್ರಿಗರ್ ಎಳೆಯೋ ಮೊದಲೇ ಮಣಿಕಟ್ಟು ಬೆದರಿ ಗುಂಡು ಕೆಳಕ್ಕೆ ಬೀಳುತ್ತೆ.

ಶಿರಸಿ

ಎಲ್ಲರೂ ಅಭ್ಯಾಸ ಮಾಡಿ ಅಂದ್ರಿ, ನಾನು ಬೇರೆ ಹೇಳ್ತೆ. ಆರು ವರ್ಷಕ್ಕೆ ಐದು ಈಡು ಅಂದ್ರೆ ನಿಮಗೆ ಕೋವಿಯೇ ಬೇಡ ಅಣ್ಣ. ಮಂಗಕ್ಕೆ ಗರ್ನಾಲು ಪಟಾಕಿ ಸಾಕು. ನಾನು ಠಾಣೆಗೆ ಒಪ್ಪಿಸಿ ರಸೀದಿ ತಗಂಡೆ.

ಕೇಳಿದವರು, ಮತ್ತೆ

ಎಲ್ಲರಿಗೂ ನಮಸ್ಕಾರ. ಮುಂದಿನ ಶಿಬಿರಕ್ಕೆ ಹೆಸರು ಕೊಟ್ಟೆ. ಶಿರಸಿ ಅಣ್ಣನ ಮಾತನ್ನ ಹೆಂಡತಿ ಎರಡು ಸಲ ಓದಿಸಿಕೊಂಡಳು, ಅದಿನ್ನೂ ತೀರ್ಮಾನ ಆಗಿಲ್ಲ. ಕೋವಿ ಈಗ ಕಪಾಟಿನಲ್ಲಿದೆ, ತೋಟಾ ಬೇರೆ ಬೀರುವಿನಲ್ಲಿ.

ಆ ತೋಟಾ ಹೇಗೆ ಉಳೀತು ಅಂತ ರಾತ್ರಿಯೆಲ್ಲ ಯೋಚಿಸಿದೆ. ಮಾರ್ಚ್‌ನಲ್ಲಿ ಮಂಗ ಬಂದಾಗ ಎರಡೂ ತುಂಬಿದ್ದೆ. ಒಂದು ಹೊಡೆದೆ, ಓಡಿದವು. ಅಷ್ಟರಲ್ಲಿ ಅಡಿಕೆ ವ್ಯಾಪಾರಿ ಫೋನ್ ಬಂತು, ರೇಟು ಮಾತಾಡ್ತಾ ಒಳಗೆ ಬಂದು ಹಾಗೇ ಗೂಟಕ್ಕೆ ಹಾಕಿದೆ. ಐದು ತಿಂಗಳಾಯಿತು. ಗೂಟದ ಕೆಳಗೇ ಮಗಳ ಓದೋ ಮೇಜು.